ಗುಳಿಗೆಯ ನಂತರದ ಹಾಲು

ನಿವೃತ್ತನಾದ ಮೇಲೆ ನಾನು ಗುಲ್ವಾಡಿಯಲ್ಲಿ ಅಕ್ಕನ ಮನೆಯಲ್ಲಿ ನೆಲೆಸಿದ್ದೆ. ಶಾಸನಗಳ ಕಾಲನಿರ್ಣಯವೇ ನನ್ನ ವೃತ್ತಿಯಾಗಿತ್ತು. ಎರಡು ಆಧಾರಗಳಿಲ್ಲದೆ ಯಾವ ತಾರೀಖನ್ನೂ ಒಪ್ಪಿದವನಲ್ಲ. ಮೂತ್ರದ ಸೋಂಕಿನಿಂದ ಜ್ವರ ಬಂದಾಗಲೂ, ಕುಂದಾಪುರದ ವೈದ್ಯರು ಬರೆದ ಆ್ಯಂಟಿಬಯೋಟಿಕ್‌ನ ಪಟ್ಟಿಯ ಮೇಲಿದ್ದ ಅವಧಿ ಮುಗಿಯುವ ತಾರೀಖನ್ನು ಅಂಗಡಿಯ ಬಿಲ್ಲಿನೊಂದಿಗೆ ತಾಳೆ ನೋಡಿದ ಮೇಲೆಯೇ ಮೊದಲ ಗುಳಿಗೆಯನ್ನು ಬಿಡಿಸಿಕೊಂಡೆ.

ಅಕ್ಕ ಹಾಲಿನ ಲೋಟ ಹಿಡಿದು ನಿಂತಿದ್ದಳು.

“ಎಂತ ಮಾಣಿ, ಇನ್ನೂ ತಾರೀಕೇ ಕಾಂತಾ ಕೂತಿದ್ಯಾ? ಹಾಲ್ ತಣ್ದ್ ಹೋತ್. ಈ ಗುಳ್ಗಿ ಉಷ್ಣ, ಬರೀ ನೀರಂಗೆ ತಕಂಬುಕಾಗ.”

ತಲೆ ಪೂರ್ತಿ ನರೆತ ನನ್ನನ್ನು ಮಾಣಿ ಎಂದು ಕರೆಯಲು ಉಳಿದಿದ್ದವಳು ಅವಳೊಬ್ಬಳೇ. ಮೂಳೆಗೆಂದು ನಾನು ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಕ್ಯಾಲ್ಸಿಯಂ ಗುಳಿಗೆಯನ್ನೂ ಅಂಗೈಗೆ ಹಾಕಿ, ಎರಡನ್ನೂ ಒಟ್ಟಿಗೆ ಹಾಲಿನಲ್ಲಿ ನುಂಗಿಸಿದಳು. ದಿನವೂ ಅದೇ ಕ್ರಮ. ಜ್ವರ ಇಳಿಯಲಿಲ್ಲ, ಬೆನ್ನಿನ ಕೆಳಗೆ ನೋವೂ ಸೇರಿತು. ಅಕ್ಕನೊಂದಿಗೆ ಮತ್ತೆ ಕುಂದಾಪುರಕ್ಕೆ ಹೋದಾಗ, ಸೋಂಕು ಮೂತ್ರಪಿಂಡಕ್ಕೆ ಏರುತ್ತಿರಬಹುದೆಂದು ವೈದ್ಯರು ಶಂಕಿಸಿದರು. ಗುಳಿಗೆಯ ಅವಧಿ ಮೀರಿಲ್ಲವೆಂದು ನಾನು ಆಧಾರಸಹಿತ ವಾದಿಸಿದೆ. ಅವರು ಅಕ್ಕನತ್ತ ತಿರುಗಿದರು.

“ಎಂತದ್ರಂಗೆ ಕೊಡ್ತಿದ್ರಿ ಅಮ್ಮ?”

“ಹಾಲಂಗೆ. ಕ್ಯಾಲ್ಸಿಯಂದೂ ಒಟ್ಟಿಗೇ.”

ಹಾಲಿನಲ್ಲಿರುವ ಮತ್ತು ಆ ಗುಳಿಗೆಯಲ್ಲಿರುವ ಕ್ಯಾಲ್ಸಿಯಂ ಈ ಬಗೆಯ ಆ್ಯಂಟಿಬಯೋಟಿಕ್ಕನ್ನು ಹೊಟ್ಟೆಯಲ್ಲೇ ಹಿಡಿದಿಡುತ್ತದೆ, ರಕ್ತಕ್ಕೆ ಸಾಕಷ್ಟು ಸೇರಗೊಡುವುದಿಲ್ಲ ಎಂದು ಅವರು ವಿವರಿಸಿದರು. ಔಷಧಿ ಮುಗಿಯುವವರೆಗೆ ಕ್ಯಾಲ್ಸಿಯಂ ಬೇಡ. ಗುಳಿಗೆ ನೀರಿನಲ್ಲಿ, ಹಾಲು ಎರಡು ತಾಸಿನ ಮೇಲೆ.

ಮನೆಗೆ ಮರಳುವ ರಿಕ್ಷಾದಲ್ಲಿ ಅಕ್ಕ ನನ್ನತ್ತ ತಿರುಗಿ ಕುಳಿತಳು.

“ನಾ ಕೊಟ್ಟ್ ಹಾಲೇ ಕೆಡ್ಸಿದ್ದಾ ಹಂಗಾರೆ?”

“ಹಾಲ್ ಕೆಡ್ಸಿದ್ದಲ್ಲ ಅಕ್ಕಾ. ಒಟ್ಟಿಗೆ ಆತಿಲ್ಲೆ, ಅಷ್ಟೇ.”

ಮರುದಿನ ಅವಳು ನೀರು ಕೊಟ್ಟು, ಗೋಡೆ ಗಡಿಯಾರದ ಎದುರು ಕುರ್ಚಿ ಹಾಕಿ ಕುಳಿತಳು. ಹೊತ್ತಾದೊಡನೆ ಲೋಟ ಬಂತು.

“ಈಗ ಕುಡಿ ಮಾಣಿ. ಇನ್ ನಿನ್ ಡಾಕ್ಟ್ರೂ ಬೈತಿಲ್ಲೆ.”

ಜ್ವರ ಬಿಟ್ಟಿತು. ಔಷಧಿ ಮುಗಿದ ಮೇಲೂ ಹಾಲು ಅದೇ ಹೊತ್ತಿಗೆ ಬರುತ್ತಿತ್ತು, ಅವಳು ಇರುವವರೆಗೂ. ಅವಳು ತೀರಿಕೊಂಡ ತಾರೀಖಿಗೆ ಮಾತ್ರ ನಾನು ಎರಡನೆಯ ಆಧಾರ ಹುಡುಕಿಲ್ಲ.

ಈ ವರ್ಷ ಮತ್ತೆ ಅದೇ ಸೋಂಕು, ಅದೇ ಔಷಧಿ. ಕ್ಯಾಲ್ಸಿಯಂ ಗುಳಿಗೆಯ ಸಂಗತಿಯನ್ನು ನಾನೇ ಮೊದಲು ವೈದ್ಯರಿಗೆ ತಿಳಿಸಿದೆ. ಬೆಳಿಗ್ಗೆ ನೀರಿನಲ್ಲಿ ಗುಳಿಗೆ ನುಂಗಿ, ಹೊತ್ತು ಕಾದು, ಹಾಲು ಬಿಸಿ ಮಾಡಿಕೊಂಡು ಗಡಿಯಾರದ ಎದುರಿನ ಆ ಕುರ್ಚಿಯಲ್ಲಿ ಕೂರುತ್ತೇನೆ. ತಣಿಯುತ್ತಿದೆಯೆಂದು ಒಳಗಿನಿಂದ ಯಾರೂ ಗದರುವುದಿಲ್ಲ. ಕೆನೆ ಕಟ್ಟುತ್ತದೆ. ಎದ್ದು ಹೋಗಿ ಮತ್ತೆ ಬಿಸಿ ಮಾಡುತ್ತೇನೆ.