ಎರಡು ಪಟ್ಟಿ, ಒಂದು ತಣ್ಣನೆಯ ಪಾದ

ಕಾಪುವಿನಲ್ಲಿರುವ ನನ್ನ ಕ್ಲಿನಿಕ್ಕಿನ ಗೋಡೆಯ ಮೇಲೆ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಅಂಟಿಸಿದ್ದೆ. ಎರಡೂ ಮಕ್ಕಳ ರಕ್ತದೊತ್ತಡಕ್ಕೆ ಸಂಬಂಧಿಸಿದವು. ಎಡಗಡೆಯದು ಅಮೆರಿಕದ ವೈದ್ಯರದ್ದು, ಬಲಗಡೆಯದು ಯುರೋಪಿನವರದ್ದು. ದೊಡ್ಡವರಿಗಾದರೆ ಒಂದು ಅಂಕಿ ಇಟ್ಟುಕೊಂಡು, ಅದರ ಮೇಲೆ ಹೋದರೆ ಬಿ.ಪಿ. ಇದೆ ಎನ್ನಬಹುದು. ಮಕ್ಕಳ ವಿಷಯದಲ್ಲಿ ಹಾಗಲ್ಲ. ವಯಸ್ಸೆಷ್ಟು, ಗಂಡೋ ಹೆಣ್ಣೋ, ಎತ್ತರವೆಷ್ಟು ಎಂದು ನೋಡಿ, ಪಟ್ಟಿಯ ಮೇಲೆ ಬೆರಳಿಟ್ಟು ಹುಡುಕಬೇಕು. ಮಗುವಿಗೆ ಹದಿಮೂರು ತುಂಬಿತೆಂದರೆ ಅಮೆರಿಕದವರು ಈ ತಾಪತ್ರಯವೇ ಬೇಡವೆಂದು ಅದನ್ನು ದೊಡ್ಡವರ ಸಾಲಿಗೆ ಸೇರಿಸಿಬಿಡುತ್ತಾರೆ. ಯುರೋಪಿನವರು ಹದಿನಾರರ ತನಕ ಎತ್ತರ ನೋಡುತ್ತಲೇ ಇರುತ್ತಾರೆ. ಹೀಗಾಗಿ ಹದಿಮೂರರ ಅದೇ ಒಬ್ಬ ಹುಡುಗಿ ಒಂದು ಪಟ್ಟಿಯಲ್ಲಿ ರೋಗಿ, ಇನ್ನೊಂದರಲ್ಲಿ ಬರೀ ಎಚ್ಚರಿಕೆಯಿಂದ ಇರಬೇಕಾದವಳು.

ನನ್ನ ಒಲವು ಯುರೋಪಿನವರ ಕಡೆಗೆ. ಮಕ್ಕಳಿಗೆ ಸುಮ್ಮನೆ ರೋಗದ ಹೆಸರು ಅಂಟಿಸುವುದು ನನಗೆ ಆಗದು. ಮಣಿಪಾಲದಲ್ಲಿ ಮಕ್ಕಳ ಹೃದಯದ ವೈದ್ಯೆಯಾಗಿರುವ ನನ್ನ ಕಿರಿಯ ಗೆಳತಿ ಅಮೆರಿಕದ ಪಕ್ಷ. ಫೋನಿನಲ್ಲಿ ಇಬ್ಬರೂ ಇದೇ ವಿಷಯಕ್ಕೆ ಎಷ್ಟು ಸಲ ಜಗಳವಾಡಿದ್ದೇವೋ ಲೆಕ್ಕವಿಲ್ಲ. ಸೋಲುವುದೆಂದರೆ ನನಗೆ ಹುಟ್ಟಿನಿಂದ ಆಗಿಬಾರದು.

ಅಳೆಯುವ ವಿಷಯದಲ್ಲೂ ನನಗೆ ಜಂಬ. ತೋಳಿಗೆ ಸುತ್ತುವ ಕಫ್ ಚಿಕ್ಕದಾದರೆ ಅಂಕಿ ಸುಮ್ಮನೆ ಮೇಲೇರುತ್ತದೆ, ಅದಕ್ಕೆ ನನ್ನಲ್ಲಿ ನಾಲ್ಕು ಅಳತೆಯ ಕಫ್‌ಗಳಿವೆ. ಮಗು ಐದು ನಿಮಿಷ ಮಾತಾಡದೆ ಕೂರಬೇಕು, ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ಊರಿರಬೇಕು. ಕಾಲು ಜೋತಾಡಿಸುವ ಮಕ್ಕಳಿಗೆಂದೇ ಒಂದು ಮರದ ಮಣೆ ಮಾಡಿಸಿಟ್ಟಿದ್ದೆ. ಅಂದರೆ ಪಾದಗಳ ಬಗ್ಗೆ ನನಗೆ ಬಹಳ ಕಾಳಜಿ ಇತ್ತು, ಅವು ನೆಲದ ಮೇಲೆ ಇವೆಯೋ ಇಲ್ಲವೋ ಎಂಬಷ್ಟರ ಮಟ್ಟಿಗೆ.

ಆ ಹುಡುಗಿ ಬಂದದ್ದು ಶಾಲೆಯ ಕಾಗದ ಹಿಡಿದುಕೊಂಡು. ಹದಿಮೂರು ತುಂಬಿ ನಾಲ್ಕು ತಿಂಗಳು, ವಯಸ್ಸಿಗೆ ಮೀರಿದ ಎತ್ತರ. ಥ್ರೋಬಾಲ್ ತಂಡದಲ್ಲಿದ್ದಳು. ಆರು ವಾರ ಬಿಟ್ಟು ಕಾರ್ಕಳದಲ್ಲಿ ಪಂದ್ಯ, ಅದಕ್ಕೆ ವೈದ್ಯರ ಸಹಿ ಬೇಕಿತ್ತು. ಅಮ್ಮ ಗೇರುಬೀಜದ ಫ್ಯಾಕ್ಟರಿಗೆ ಹೋಗುವವಳಾದ್ದರಿಂದ ಜೊತೆಗೆ ಅಜ್ಜಿ ಬಂದಿದ್ದರು. ಮನೆಯಂಗಳದಲ್ಲಿ ಮಲ್ಲಿಗೆ ಬೆಳೆಸಿ ಹೂ ಕಟ್ಟಿ ಮಾರುವ ಎಪ್ಪತ್ತರ ಹೆಂಗಸು. ಮಾತು ಕಡಿಮೆ, ಕೇಳಿದ್ದಕ್ಕೆ ಮಾತ್ರ ಉತ್ತರ.

ಮೂರು ಸಲ ಅಳೆದೆ. ನೂರಿಪ್ಪತ್ತಾರಕ್ಕೆ ಎಂಬತ್ತೆರಡರ ಆಸುಪಾಸಿನಲ್ಲೇ ನಿಂತಿತು. ಅಮೆರಿಕದ ಪಟ್ಟಿಯಲ್ಲಿ ಕೆಳಗಿನ ಅಂಕಿ ಎಂಬತ್ತು ಮುಟ್ಟಿದರೆ ಸಾಕು, ಬಿ.ಪಿ. ಎಂದು ಬರೆಯಬೇಕು. ಯುರೋಪಿನ ಪಟ್ಟಿಯಲ್ಲಿ ಅವಳಷ್ಟು ಎತ್ತರದ ಹುಡುಗಿಗೆ ಅದು ಗೆರೆಯ ಕೆಳಗೇ ಇತ್ತು.

ಮಕ್ಕಳಲ್ಲಿ ಒತ್ತಡ ಸ್ವಲ್ಪ ಹೆಚ್ಚು ಕಂಡರೂ ನೋಡಲೇಬೇಕಾದ ಇನ್ನೊಂದು ವಿಷಯವಿದೆ. ಹೃದಯದಿಂದ ಕೆಳಗಿಳಿಯುವ ದೊಡ್ಡ ರಕ್ತನಾಳ ಕೆಲವರಿಗೆ ಹುಟ್ಟಿನಿಂದಲೇ ಒಂದೆಡೆ ಇಕ್ಕಟ್ಟಾಗಿರುತ್ತದೆ. ಆಗ ಕೈಗೆ ರಕ್ತ ಜೋರಾಗಿ ನುಗ್ಗುತ್ತದೆ, ಕಾಲಿಗೆ ಸರಿಯಾಗಿ ಇಳಿಯುವುದೇ ಇಲ್ಲ. ಇದನ್ನು ತಿಳಿಯಲು ಯಂತ್ರ ಬೇಡ. ತೊಡೆಸಂದಿಯಲ್ಲೋ ಪಾದದ ಮೇಲೋ ಬೆರಳಿಟ್ಟು ನಾಡಿ ನೋಡಿದರೆ ಸಾಕು. ಹದಿಮೂರರ ಹುಡುಗಿಗೆ ಮುಜುಗರ ಬೇಡವೆಂದು ತೊಡೆಸಂದಿಯನ್ನು ಬಿಟ್ಟೆ. ಪಾದ ನೋಡೋಣವೆಂದು ಬಗ್ಗಿದೆ.

ಹುಡುಗಿ ಬೆಂಕಿ ತಾಗಿದವಳಂತೆ ಎರಡೂ ಕಾಲು ಹಿಂದಕ್ಕೆಳೆದುಕೊಂಡಳು. ಅಜ್ಜಿ ಎದ್ದೇ ನಿಂತರು.

“ಛೆ ಛೆ, ಬೇಡ ಡಾಕ್ಟ್ರೇ! ನೀವು ದೊಡ್ಡವರು ಇವಳ ಕಾಲು ಮುಟ್ಟುವುದಾ? ಮಗುವಿಗೆ ಒಳ್ಳೆಯದಲ್ಲ.”

ಅಷ್ಟರಲ್ಲಿ ಹುಡುಗಿ ತಾನೇ ಬಗ್ಗಿ ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನೂ ಈ ಊರಿನವಳೇ. ಹಿರಿಯರ ಕಾಲು ತಪ್ಪಿ ತಾಗಿದರೂ ನಮಸ್ಕಾರ ಮಾಡಿ ಬೆಳೆದವಳು, ಕಿರಿಯರ ಕಾಲನ್ನು ಹಿರಿಯರು ಮುಟ್ಟಿದರೆ ಆಯುಷ್ಯಕ್ಕೆ ಕುಂದು ಎಂದು ಕೇಳಿ ಬೆಳೆದವಳು. ನಗು ಬಂತು. ಈಗಿನ ಕಾಲದಲ್ಲೂ ಇಂಥ ಮಕ್ಕಳಿದ್ದಾರಲ್ಲ ಎಂದು ಖುಷಿಯೂ ಆಯಿತು, ನಿಜ ಹೇಳಬೇಕು. “ಆಯ್ತು ಮಾರಾಯ್ತಿ, ಮುಂದಿನ ಸಲ ನೋಡುವ” ಎಂದು ಬೆನ್ನು ತಟ್ಟಿ ಕಳುಹಿಸಿದೆ.

ಸಂಜೆ ಮಣಿಪಾಲದ ಗೆಳತಿಗೆ ಫೋನ್ ಮಾಡಿದೆ. ಸಲಹೆ ಕೇಳಲು ಎಂದುಕೊಂಡಿದ್ದೆ, ಆದರೆ ವಾದಕ್ಕೆ ಒಳ್ಳೆಯ ಸರಕು ಸಿಕ್ಕಿತೆಂಬ ಹುರುಪೇ ಹೆಚ್ಚಿತ್ತು. ಅವಳು ಮೊದಲು ಕೇಳಿದ್ದು, “ಕಾಲಿನ ನಾಡಿ ಹೇಗುಂಟು ಮೇಡಂ?”

“ಸರಿ ಉಂಟು” ಎಂದುಬಿಟ್ಟೆ.

ಯಾಕೆ ಹಾಗೆ ಹೇಳಿದೆ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಪ್ಪತ್ತೈದು ವರ್ಷದ ಅನುಭವಸ್ಥೆ ‘ನೋಡಲಿಲ್ಲ’ ಎಂದು ಕಿರಿಯಳ ಮುಂದೆ ಹೇಳಲು ನಾಚಿಕೆಪಟ್ಟಳು, ಅಷ್ಟೇ. ಹೇಗೂ ಮುಂದಿನ ಸಲ ನೋಡುವೆನಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆಮೇಲೆ ಅರ್ಧ ಗಂಟೆ ನಾವು ಅಮೆರಿಕ, ಯುರೋಪ್ ಎಂದು ಕಿತ್ತಾಡಿದೆವು. ಕೊನೆಗೆ ಅವಳೇ ಸೋತು, “ಕಾಲಿನ ನಾಡಿ ಸರಿ ಉಂಟಲ್ಲ, ಹಾಗಾದ್ರೆ ಕಾದು ನೋಡುವ” ಎಂದಳು. ನಾನು ಗೆದ್ದ ಖುಷಿಯಲ್ಲಿ ಫೋನ್ ಇಟ್ಟೆ.

ಎರಡು ವಾರದ ನಂತರ ಅಜ್ಜಿ, ಮೊಮ್ಮಗಳು ಮತ್ತೆ ಬಂದರು. ಅಂಕಿ ಅದೇ. ಹೊರಗೆ ಜ್ವರದ ಮಕ್ಕಳ ಸಾಲು, ಒಳಗೆ ನನ್ನ ತಲೆಯಲ್ಲಿ ಪಟ್ಟಿ. ಉಪ್ಪೆಷ್ಟು, ಮೀನೆಷ್ಟು ಎಂದು ಅಜ್ಜಿಯನ್ನು ಕೇಳಿ ತಿಳಿದುಕೊಂಡು, ಒಣಮೀನು, ಉಪ್ಪಿನಕಾಯಿ ಕಡಿಮೆ ಮಾಡಿ ಎಂದೆ. ಅಜ್ಜಿ ತಲೆಯಾಡಿಸಿದರು. ಹುಡುಗಿ ಕಾಗದವನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿ ಕಾಯುತ್ತಿದ್ದಳು, ಆ ಮುಖ ನೋಡಿ ಇಲ್ಲವೆನ್ನಲು ಯಾರಿಗೂ ಆಗುತ್ತಿರಲಿಲ್ಲ. ಗೋಡೆಯ ಬಲಗಡೆಯ ಪಟ್ಟಿಯನ್ನು ಇನ್ನೊಮ್ಮೆ ನೋಡಿ ಸಹಿ ಹಾಕಿದೆ. ಪಾದದ ನೆನಪೇ ಆಗಲಿಲ್ಲ.

ಪಂದ್ಯದ ದಿನ ಮಧ್ಯಾಹ್ನಕ್ಕೆ ಮುಂಚೆ ಕಾರ್ಕಳದಿಂದ ಆಟದ ಟೀಚರ್ ಫೋನ್ ಮಾಡಿದರು. ನನ್ನ ನಂಬರ್ ಸಹಿಯ ಕೆಳಗಿತ್ತು.

“ಡಾಕ್ಟ್ರೇ, ಹುಡುಗಿ ಆಡ್ತಾ ಆಡ್ತಾ ಕಾಲು ಹಿಡ್ಕೊಂಡು ಕೂತುಬಿಟ್ಳು. ತುಂಬ ತಲೆನೋವು ಅಂತಾಳೆ. ಮೂಗಿನಿಂದ ರಕ್ತ ನಿಲ್ತಾ ಇಲ್ಲ. ಎಂತ ಮಾಡುವುದು?”

ಆ ಕ್ಷಣಕ್ಕೆ ಎಲ್ಲ ಗೊತ್ತಾಯಿತು. ಹಿಂದಕ್ಕೆ ಸರಿದ ಎರಡು ಪಾದಗಳು ಕಣ್ಣ ಮುಂದೆ ಬಂದವು. ಮೂಗು ಒತ್ತಿ ಹಿಡಿದುಕೊಂಡೇ ಮಣಿಪಾಲಕ್ಕೆ ಕರೆತನ್ನಿ, ತಡ ಮಾಡಬೇಡಿ ಎಂದೆ. ಅಜ್ಜಿಯ ಮನೆಗೆ ಹೋಗಿ ಅವರನ್ನು ಕಾರಿನಲ್ಲಿ ಕೂರಿಸಿಕೊಂಡೆ. ಅವರ ಮಡಿಲಲ್ಲಿ ಅರ್ಧ ಕಟ್ಟಿದ ಮಲ್ಲಿಗೆ ಹಾಗೇ ಇತ್ತು. ಆ ಮಗುವಿಗೆ ಏನಾದರೂ ಆದರೆ ಕೊಂದವಳು ನಾನೇ ಎಂದು ಒಂದೇ ಸಮನೆ ಅನ್ನಿಸುತ್ತಿತ್ತು.

ನಾವು ತಲುಪುವಾಗ ಹುಡುಗಿ ಮಂಚದ ಮೇಲಿದ್ದಳು, ರಕ್ತ ನಿಂತಿತ್ತು. ನನ್ನ ಗೆಳತಿ ಕೈಯ ನಾಡಿ ನೋಡಿ, ನೇರ ಕಾಲಿನ ಕಡೆಗೆ ಹೋದಳು. ಹುಡುಗಿ ಆಗಲೂ ಕಾಲು ಮಡಚಿಕೊಂಡಳು. ಗೆಳತಿ ಮಂಚದ ತುದಿಯಲ್ಲಿ ಕುಳಿತು, “ಕಾಲು ಕೊಡು ಪುಟ್ಟ, ನಾನು ನಿನ್ನ ಅಕ್ಕ ಅಂತ ತಿಳ್ಕೋ” ಎಂದು ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದುಕೊಂಡಳು. ಬಹಳ ಹೊತ್ತು ಹಿಡಿದಿದ್ದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಸರಿದು ನನಗೆ ಜಾಗ ಮಾಡಿಕೊಟ್ಟಳು. ನಾನು ಬೆರಳಿಟ್ಟೆ. ನಾಡಿ ಸಿಗಲಿಲ್ಲ. ಪಾದ ತಣ್ಣಗಿತ್ತು.

ಒತ್ತಡ ಹತೋಟಿಗೆ ತಂದು, ಕೆಲವು ದಿನ ಬಿಟ್ಟು, ತೊಡೆಯ ರಕ್ತನಾಳದೊಳಗಿಂದ ಸಣ್ಣ ಕೊಳವೆ ಕಳುಹಿಸಿ ಇಕ್ಕಟ್ಟಾದ ಜಾಗವನ್ನು ಹಿಗ್ಗಿಸಿದರು. ಹುಡುಗಿ ಉಳಿದಳು. ಮಾತ್ರೆ ಮಾತ್ರ ಇನ್ನೂ ತೆಗೆದುಕೊಳ್ಳಬೇಕು, ಎಷ್ಟು ವರ್ಷವೋ ಹೇಳಲಾಗದು. ಗೆಳತಿಯ ಬಳಿ ನನ್ನ ಸುಳ್ಳನ್ನು ಒಪ್ಪಿಕೊಂಡೆ. “ಗೊತ್ತಾಯ್ತು ಮೇಡಂ” ಎಂದಳು, ಅಷ್ಟೇ. ಅದರ ನಂತರ ನಾವು ಪಟ್ಟಿಗಳ ಬಗ್ಗೆ ಜಗಳವಾಡಿಲ್ಲ.

ತಿಂಗಳಾದ ಮೇಲೆ ಅಜ್ಜಿ ಒಬ್ಬರೇ ಕ್ಲಿನಿಕ್ಕಿಗೆ ಬಂದರು, ಬಾಳೆ ಎಲೆಯಲ್ಲಿ ಸುತ್ತಿದ ಒಂದು ಚೆಂಡು ಮಲ್ಲಿಗೆ ಹಿಡಿದುಕೊಂಡು. ಹೂವನ್ನು ಮೇಜಿನ ಮೇಲಿಟ್ಟು, ನನಗೆ ತಿಳಿಯುವ ಮೊದಲೇ ಬಗ್ಗಿ ನನ್ನ ಕಾಲಿಗೆ ಕೈ ಚಾಚಿದರು. ಎಪ್ಪತ್ತರ ಹಿರಿಯರು. ನಾನು ಕಾಲೆಳೆದುಕೊಂಡ ರಭಸಕ್ಕೆ ಕುರ್ಚಿ ಹಿಂದಿನ ಗೋಡೆಗೆ ಬಡಿಯಿತು.

“ಬೇಡ ಅಜ್ಜಿ, ನೀವು ಹಾಗೆ ಮಾಡಬೇಡಿ” ಎಂದೆ. “ನಾನು ಅವಳನ್ನು ಉಳಿಸಿದ್ದಲ್ಲ. ಮೊದಲ ದಿನವೇ ಅವಳ ಕಾಲು ಮುಟ್ಟಿ ನೋಡಬೇಕಿತ್ತು, ನೋಡಲಿಲ್ಲ. ನೋಡದೆ ಸಹಿ ಹಾಕಿದೆ. ತಪ್ಪು ನನ್ನದು.”

ಅಜ್ಜಿ ನಿಧಾನವಾಗಿ ಬೆಂಚಿನ ಮೇಲೆ ಕುಳಿತರು. ಬೈಯುತ್ತಾರೆ ಎಂದುಕೊಂಡೆ. ಅವರು ಗೋಡೆಯ ಎರಡು ಪಟ್ಟಿಗಳನ್ನು ನೋಡುತ್ತಿದ್ದರು.

“ಬೇಡ ಅಂದದ್ದು ನಾನೇ ಅಲ್ವಾ” ಎಂದರು. ಪಟ್ಟಿಗಳಿಂದ ನನ್ನ ಕಡೆಗೆ ತಿರುಗಿ ಮತ್ತೆ ಹೇಳಿದರು, “ಅವಳು ಸಣ್ಣವಳಿರುವಾಗಲಿಂದ ಕಾಲು ತಣ್ಣಗೇ ಡಾಕ್ಟ್ರೇ. ದಿನಾ ಎಣ್ಣೆ ತಿಕ್ಕುವುದು ನಾನು, ನನಗೆ ಗೊತ್ತಿಲ್ವಾ? ನೀವು ಉಪ್ಪು ಕೇಳಿದ್ರಿ, ಮೀನು ಕೇಳಿದ್ರಿ, ಎಲ್ಲ ಹೇಳಿದೆ. ಕಾಲು ಹೇಗುಂಟು ಅಂತ ಕೇಳಿದ್ರೆ ಅದನ್ನೂ ಹೇಳ್ತಿದ್ದೆ.”