ಹಿತ್ತಲ ಮೂಲೆಗೆ ಒಂದು ಚೊಂಬು ನೀರು

"ಇದಕ್ಕೆ ಯಾರೂ ನೀರು ಹಾಕ್ತಿಲ್ವಾ ಅಕ್ಕ? ಅರ್ಥ್ ಗುಂಡಿ ಪೂರಾ ಒಣಗೋಗೈತೆ. ನೆಲಕ್ಕೆ ಇಳೀಬೇಕಾದ ಕರೆಂಟ್ ಗ್ರೈಂಡರ್ ಮುಟ್ಟಿದೋರ ಕೈಗೆ ಬತ್ತೈತೆ."

ಜಾವಗಲ್‌ನ ನಮ್ಮ ಹಿತ್ತಲ ಮೂಲೆಯಲ್ಲಿ ಕೂತು ಹೀಗೆಂದವರು, ಗ್ರೈಂಡರ್ ಶಾಕ್ ಹೊಡೆಯುತ್ತಿದೆ ಎಂದು ನಾನು ಕರೆಸಿದ್ದ ವೈರಿಂಗ್ ಕೆಲಸದವರು. ಎರಡು ತಿಂಗಳ ಹಿಂದೆ ತೀರಿಕೊಂಡ ನಮ್ಮತ್ತೆ ದಿನಾ ಬೆಳಿಗ್ಗೆ ಆ ಮೂಲೆಗೆ ಒಂದು ಚೊಂಬು ನೀರು ಸುರಿಯುತ್ತಿದ್ದರು. ಅಲ್ಲಿ ಗಿಡವಿಲ್ಲ, ಬಳ್ಳಿಯಿಲ್ಲ. ವಯಸ್ಸಾಗಿ ಅರಳುಮರಳಾಗಿದೆ ಎಂದುಕೊಂಡು ಒಮ್ಮೆ ರೇಗಿ ಚೊಂಬನ್ನೇ ಕಿತ್ತುಕೊಂಡಿದ್ದೆ. "ಮನೇಲಿ ಕರೆಂಟ್ ಐತೆ ಕಣವ್ವ, ಅದಕ್ಕೂ ನೀರು ಬೇಕು" ಎಂದಿದ್ದರು. ನಾನು ನಕ್ಕಿದ್ದೆ.

ಗ್ರೈಂಡರ್ ಒಳಗಿನ ಸುಟ್ಟ ವೈರ್ ಬದಲಾಯಿತು, ಗುಂಡಿಗೆ ನಾನೇ ನೀರು ಹಾಕಿದೆ. ಅಂದಿನ ಜಗಳದ ನಂತರವೂ ಅತ್ತೆ ನನಗೆ ಕಾಣಬಾರದೆಂದು, ಸೆರಗಿನ ಮರೆಯಲ್ಲಿ ಚೊಂಬು ಹಿಡಿದು ಹಿತ್ತಲಿಗೆ ಹೋಗುತ್ತಿದ್ದುದೇ ಕಣ್ಣ ಮುಂದೆ ಬರುತ್ತದೆ.