ಒಂದೇ ಬೋಗುಣಿಗೆ ನಾಲ್ಕು ಕೈ

ಬೆಳಿಗ್ಗೆ ನಲ್ಲಿ ನೀರು ಹಿಡಿದೆ. ಹಾಲು ಕಾಯಿಸಿದೆ. ಚಿತ್ರಾನ್ನ ಕಲಸಿ ಮುಚ್ಚಿಟ್ಟೆ, ಒಗೆದ ಬಟ್ಟೆ ಹರವಿದೆ. ಮನೆಯವರ ಕೈಗೆ ಬೀಗದಕೈ ಕೊಟ್ಟು ತುಮಕೂರಿನ ಬಸ್ ಸ್ಟ್ಯಾಂಡಿಗೆ ಬಂದಾಗ ಒಂಬತ್ತು ಗಂಟೆ. ಇನ್ನೂ ಚಳಿ ಬಿಟ್ಟಿರಲಿಲ್ಲ. ಚೀಲದಲ್ಲಿ ಒಂದು ಸೀರೆ, ಎರಡು ಮೊಳ ಸೇವಂತಿಗೆ.

ಕುಣಿಗಲ್ಲಿನ ನಮ್ಮಕ್ಕ ನನ್ನೊಡನೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಅವಳ ಮಗಳ ಮದುವೆಗೆ ನಾನು ಧಾರೆಯ ಹೊತ್ತಿಗೆ ಹೋಗಿ, ಊಟ ಮುಗಿಸಿ, ಪರರ ಹಾಗೆ ಹೊರಟುಬಂದಿದ್ದೆ. ಮಗನಿಗೆ ಮರುದಿನ ಪರೀಕ್ಷೆ ಎಂದದ್ದನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಸಲ ಅವಳು ಕರೆಯದಿದ್ದರೂ ಹೊರಟಿದ್ದೆ. ಇವತ್ತೂ ಮಾತಾಡದಿದ್ದರೆ ಮತ್ತೆ ಹೋಗುವ ಮುಖ ನನಗಿರಲಿಲ್ಲ.

ಟಿಕೆಟ್ಟಿಗೆ ಎರಡು ರೂಪಾಯಿ ಚಿಲ್ಲರೆ. ಗೂಳೂರಿನಲ್ಲಿ ಹತ್ತಿ ಪಕ್ಕದಲ್ಲಿ ಕೂತ ಹೆಂಗಸು ನಾನು ಆಕಳಿಸಿದಾಗಲೆಲ್ಲ ತಾನೂ ಆಕಳಿಸಿದಳು. "ನಿಮ್ಮನ್ನ ನೋಡಿ ನಂಗೂ ಬತ್ತದೆ ಕಣಮ್ಮ, ಆ ಕಡೆ ತಿರುಗ್ಕಳಿ," ಎಂದಳು.

ಅಕ್ಕ ಹಜಾರದಲ್ಲಿ ಕೂತು, ನೆನೆದ ಅವರೆಕಾಳು ಹಿತುಕುತ್ತಿದ್ದಳು. ನನ್ನನ್ನು ನೋಡಿ ಭಾವನಿಗೆ ಹೇಳಿದಳು: "ಬಂದವರಿಗೆ ಕಾಫಿ ಬೇಕಾ ಕೇಳಿ."

"ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ?" ಎಂದರು ಭಾವ, ಪೇಪರಿನ ಹಿಂದಿನಿಂದ. "ಬೇಕೇನಮ್ಮ?"

"ಬೇಕು ಅಂತ ಹೇಳಿ ಭಾವ."

ಕಾಫಿ ಕುಡಿದು ಬೋಗುಣಿಯ ಈಚೆ ಕೂತೆ. ಅಕ್ಕ ಬೇಡ ಅನ್ನಲಿಲ್ಲ. ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಚಕ್ಕನೆ ಬೀಳುತ್ತದೆ. ತಲೆ ತಗ್ಗಿಸಿ ಹಿತುಕುತ್ತಲೇ ಇದ್ದೆವು. ಅರ್ಧ ಆಗಿರಬೇಕು, ಭಾವ ಪೇಪರ್ ಇಳಿಸಿದರು.

"ಅಲ್ಲ ಕಣ್ರಮ್ಮ, ಮಾತಿಲ್ಲ ಕತೆಯಿಲ್ಲ, ಕೈ ಮಾತ್ರ ಇಬ್ರದೂ ಒಟ್ಟೊಟ್ಟಿಗೆ ಓಡ್ತಾ ಅವೆ. ಅವಳು ಕಾಲು ಮಡಚಿದ್ರೆ ನೀನೂ ಮಡಚ್ತೀಯ. ಯಾರು ಹೇಳ್ಕೊಟ್ರು?"

ನೋಡಿಕೊಂಡೆ. ಇಬ್ಬರ ಬಲಗಾಲೂ ಮಡಚಿತ್ತು, ಇಬ್ಬರ ಸೆರಗೂ ಸೊಂಟಕ್ಕೆ ಸಿಕ್ಕಿಸಿತ್ತು. ನನ್ನದನ್ನು ಯಾವಾಗ ಸಿಕ್ಕಿಸಿಕೊಂಡೆನೋ ತಿಳಿಯದು. ಹಾಗೆ ನೋಡಿಕೊಂಡದ್ದೇ ತಪ್ಪಾಯಿತು. ಇಬ್ಬರಿಗೂ ಕೈ ತಪ್ಪಿತು. ಅವಳ ಬೇಳೆ ನನ್ನ ಮಡಿಲಿಗೆ, ನನ್ನದು ಅವಳ ಕನ್ನಡಕಕ್ಕೆ. ಅಕ್ಕ ಕನ್ನಡಕ ಒರೆಸಿಕೊಂಡಳು, ತುಟಿ ಬಿಗಿಹಿಡಿದಳು.

"ನೀವು ಪೇಪರ್ ಓದ್ಕೊಳ್ಳಿ," ಎಂದಳು. ಅದೂ ಭಾವನಿಗೇ.

ಸಂಜೆ ಕೆರೆ ಏರಿಯ ಮೇಲೆ ಹೋಗಿಬಂದೆವು. ಭಾವ ಮುಂದೆ, ನಾವಿಬ್ಬರು ಹಿಂದೆ. ಮಂಡಿ ನೋವಿನಿಂದ ಅವಳ ನಡಿಗೆ ನಿಧಾನವಾಗಿತ್ತು. ನನ್ನ ಹೆಜ್ಜೆ ಅದಕ್ಕೆ ಹೊಂದಿತ್ತೋ ಇಲ್ಲವೋ, ಈ ಸಲ ನೋಡಿಕೊಳ್ಳಲಿಲ್ಲ.

ಊಟಕ್ಕೆ ಮುದ್ದೆ, ಹಿತಕಿದ ಬೇಳೆ ಸಾರು, ಕೊನೆಗೆ ಒಂದಿಷ್ಟು ಮಜ್ಜಿಗೆ ಅನ್ನ. ಅಕ್ಕ ನನಗೆ ತನ್ನ ಪಕ್ಕದಲ್ಲೇ ಹಾಸಿದಳು. ದೀಪ ಆರಿಸಿ ಮಲಗಿದ ಮೇಲೆ ಅವಳು ಆಕಳಿಸಿದಳು. ತಡೆದುಕೊಂಡೆ. ಆಗಲಿಲ್ಲ, ನಾನೂ ಆಕಳಿಸಿದೆ.

"ನಿದ್ದೆ ಬಂದ್ರೆ ಮಲಕ್ಕೊಳ್ಳೇ," ಎಂದಳು. ಭಾವನಿಗಲ್ಲ, ನನಗೆ. "ನಾಳೆ ಉಂಡ ತಕ್ಷಣ ಓಡ್ಬೇಡ ಮತ್ತೆ."

"ಇಲ್ಲ ಕಣಕ್ಕ."

ಮೊದಲು ನಿದ್ದೆ ಹೋದವರು ಭಾವ. ಆಮೇಲೆ ನಮ್ಮಿಬ್ಬರಲ್ಲಿ ಯಾರೋ, ಗೊತ್ತಾಗಲಿಲ್ಲ.